ಮ್ಯಾಚಿಗೆ ಕುಂಕುಮ ಕೊಟ್ಟು ಕರೆದ ರತ್ನಕ್ಕ

ರತ್ನಕ್ಕನಿಗೆ ಖಾಲಿ ಕುರ್ಚಿ ಕಂಡರೆ ಆಗುತ್ತಿರಲಿಲ್ಲ. ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರದೂ ಅವರ ಯಜಮಾನರು ಶಿವಣ್ಣನವರದೂ ಶಾಮಿಯಾನದ ಅಂಗಡಿ. ಕುರ್ಚಿ, ಪಾತ್ರೆ, ಜಮಖಾನ, ಮೈಕು ಎಲ್ಲ ಬಾಡಿಗೆಗೆ. ಬೇರೆ ಅಂಗಡಿಯವರು ಕುರ್ಚಿ ಇಳಿಸಿ ಹೋದರೆಂದರೆ ಮತ್ತೆ ತುಂಬಿಕೊಂಡು ಹೋಗುವುದಕ್ಕೇ ಬರುವುದು. ರತ್ನಕ್ಕ ಮಾತ್ರ ಸಮಾರಂಭ ಶುರುವಾಗುವ ಹೊತ್ತಿಗೆ ಸರಿಯಾಗಿ ಬಂದು, ಕಂಬಕ್ಕೆ ಒರಗಿ ನಿಂತು, ಹಿಂದಿನ ಸಾಲುಗಳನ್ನು ನೋಡುತ್ತಿದ್ದರು. ಅವು ಖಾಲಿಯಿದ್ದರೆ ಮುಖ ಸಣ್ಣಗಾಗುತ್ತಿತ್ತು. ಯಾರದೋ ಮನೆಯ ನಾಮಕರಣ, ಇವರಿಗೇನು ಬಂತು? ಆದರೂ ರಸ್ತೆಯಲ್ಲಿ ಹೋಗುತ್ತಿದ್ದವನನ್ನು ತೋಳು ಹಿಡಿದು ಎಳೆತಂದು ಕೂರಿಸಿದ್ದನ್ನು ನಾನೇ ಕಂಡಿದ್ದೇನೆ. "ಬಾರ್ಲಾ, ಒಂದ್ಗಳಿಗೆ ಕೂತ್ಕಂಡು ಮಗೀಗೆ ಅಕ್ಷತೆ ಹಾಕ್ಬುಟ್ಟು ಓಗು. ನಿನ್ ಗಂಟೇನ್ ಓಯ್ತದೆ?"

ಆಳು ಕುಳ್ಳು, ಮಾತು ಜೋರು. ಮೈಕು ಬಾಡಿಗೆಗೆ ಕೊಡುವವರಿಗೆ ಮೈಕೇ ಬೇಕಿರಲಿಲ್ಲ. ಮೊಪೆಡ್ಡಿನ ಹ್ಯಾಂಡಲಿಗೆ ವೈರಿನ ಬುಟ್ಟಿ ನೇತುಹಾಕಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಊರೆಲ್ಲ ಸುತ್ತುವರು. ಇಪ್ಪತ್ತು ವರ್ಷದ ಮದುವೆ ಮುಂಜಿಗಳಿಗೆಲ್ಲ ಪಾತ್ರೆ ಕೊಟ್ಟು ಕೊಟ್ಟು, ಯಾರ ಮನೆಯ ಹೆಣ್ಣು ಯಾವ ಊರಿಗೆ ಹೋಗಿದ್ದಾಳೆ, ಯಾವ ಬೀಗರಿಗೂ ಬೀಗರಿಗೂ ಮಾತಿಲ್ಲ ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು.

ನಾನು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಹೋದ ವರ್ಷದ ಹಿಂದಿನ ವರ್ಷ ನಮ್ಮ ಹಳೆಯ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಒಂದು ಫುಟ್‌ಬಾಲ್ ಕ್ಲಬ್ಬು ಕಟ್ಟಿದೆ. ನಮ್ಮ ಕಡೆ ಕಬಡ್ಡಿ ಎಂದರೆ ಜನ ಮರ ಹತ್ತಿಯಾದರೂ ನೋಡುತ್ತಾರೆ. ಕ್ರಿಕೆಟ್ಟಿನ ಮಾತು ಹೇಳುವುದೇ ಬೇಡ. ಫುಟ್‌ಬಾಲು ಮಾತ್ರ ಟೀವಿಯಲ್ಲಿ ಬೇರೆ ದೇಶದವರು ಆಡುವ ಆಟ. ನಮ್ಮ ಹುಡುಗರು ಚೆನ್ನಾಗಿಯೇ ಆಡುತ್ತಿದ್ದರು, ನೋಡುವವರು ಬೇಕಲ್ಲ! ಹುಡುಗರಿಗೆ ಬಟ್ಟೆ, ಓಡಾಟಕ್ಕೆ ವ್ಯಾನು ಎಲ್ಲ ರೈಸ್ ಮಿಲ್ಲಿನ ಗೌಡರ ಕೃಪೆ. ಮೊದಲ ವರ್ಷ ಮುಗಿದ ಮೇಲೆ ಅವರು ನನ್ನನ್ನು ಕರೆಸಿ, "ನೋಡಿ ಮೇಷ್ಟ್ರೇ, ಜನ ಬರೋ ಆಟಕ್ಕೆ ಕೊಟ್ರೆ ನನ್ ಎಸ್ರು ನಾಕ್ ಜನದ ಕಣ್ಗಾದ್ರೂ ಬೀಳ್ತದೆ. ಈ ಸಲಾನೂ ಬರ್ನಿಲ್ಲ ಅಂದ್ರೆ ಕಬಡ್ಡಿಯೋರು ಕೇಳ್ತಾವ್ರೆ, ಅವ್ರಿಗೆ ಕೊಟ್ಬುಡ್ತೀನಿ" ಎಂದರು. ತಪ್ಪೇನೂ ಇರಲಿಲ್ಲ. ಆದರೆ ಅವರು ಕೈಬಿಟ್ಟರೆ ನಮ್ಮ ಕ್ಲಬ್ಬು ಅಲ್ಲಿಗೆ ಮುಗಿದಂತೆ.

ಎರಡನೆಯ ವರ್ಷ ಲೀಗು ಪಂದ್ಯಗಳು ಶುರುವಾಗುವ ಮುಂಚೆ ಸ್ನೇಹಪಂದ್ಯಗಳನ್ನು ಇಟ್ಟುಕೊಂಡು ಜನ ಸೇರಿಸೋಣವೆಂದು ಹೊರಟೆವು. ಪೋಸ್ಟರ್ ಅಂಟಿಸಿದೆವು. ಮೊಬೈಲಿನಲ್ಲಿ ಗ್ರೂಪು ಮಾಡಿದೆವು, ಅದರಲ್ಲಿ ಇನ್ನೂರು ಜನ ಹೆಬ್ಬೆಟ್ಟು ಎತ್ತಿದರು. ಆಟದ ದಿನ ರತ್ನಕ್ಕನ ಅಂಗಡಿಯ ಕುರ್ಚಿ ಸಾಲು ಸಾಲಾಗಿ ಹಾಕಿಸಿ ಕಾದೆವು. ಬಂದವರು ಹುಡುಗರ ಕೆಲವು ಗೆಳೆಯರು, ಕಡಲೆಪುರಿಯವನು, ಮೇಯುತ್ತಾ ಬಂದ ಎರಡು ಎಮ್ಮೆ. ಆಟ ಶುರುವಾಗುವ ಹೊತ್ತಿಗೆ ಎಂದಿನಂತೆ ಬಂದ ರತ್ನಕ್ಕ ಮೈದಾನ ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟರು.

"ಏನ್ ಸಾ ಇದು, ಸಾವಿನ್ ಮನೆ ಇದ್ದಂಗದೆ? ಯಾರ್ಯಾರ್ ಮನೇಗ್ ಓಗಿ ಕರುದ್ರಿ?"

ಪೋಸ್ಟರಿನ ವಿಷಯ ಹೇಳಿದೆ.

"ಗ್ವಾಡೇಗೆ ಅಂಟ್ಸುದ್ರೆ ಗ್ವಾಡೆ ಬತ್ತದಾ? ಬಾಗ್ಲಿಗೆ ಓಗಿ ಕುಂಕುಮ ಕೊಟ್ಟು ಮನೆ ಮಂದೀನೆಲ್ಲ ಕರೀಬೇಕು ಕಣ್ ಸಾ. ಕರೀದೇ ಬರಕ್ಕೆ ನಮ್ ಜನ್ಕೇನ್ ಮಾನ ಇಲ್ವಾ?"

ನಾನು ನಕ್ಕೆ. ಮದುವೆಗೆ ಕರೆದ ಹಾಗೆ ಮ್ಯಾಚಿಗೆ ಯಾರಾದರೂ ಕರೆಯುತ್ತಾರೆಯೇ? ಆದರೆ ಅವರು ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಮುಂದಿನ ಪಂದ್ಯ ಅರಕಲಗೂಡಿನ ತಂಡದ ಜೊತೆ. ಆ ವಾರವಿಡೀ ವೈರಿನ ಬುಟ್ಟಿಯಲ್ಲಿ ಕುಂಕುಮದ ಭರಣಿ, ಎಲೆ ಅಡಿಕೆ ಇಟ್ಟುಕೊಂಡು ತಿರುಗಿದರು. ಹರದನಹಳ್ಳಿಗೆ ನನ್ನನ್ನೂ ನನ್ನ ಹೆಂಡತಿ ವಸಂತಳನ್ನೂ ಕರೆದುಕೊಂಡು ಹೋದರು. ಹೊಸಿಲ ಹೊರಗೇ ನಿಂತು ಹೇಳಿ ಬಂದರೆ ಅವರಿಗೆ ಸಮಾಧಾನವಿಲ್ಲ. ಒಳಗೆ ಹೋಗಿ ಕೂರಬೇಕು, ನೀರು ಕುಡಿಯಬೇಕು, ದನ ಕರು ವಿಚಾರಿಸಬೇಕು, ಆಮೇಲೆ ಮನೆಯ ಹೆಂಗಸಿಗೆ ಕುಂಕುಮ ಕೊಟ್ಟು, "ಭಾನ್ವಾರ ನಮ್ ಉಡುಗ್ರು ಆಟ. ನೀವು ಬರ್ನಿಲ್ಲ ಅಂದ್ರೆ ಬ್ಯಾಜಾರ್ ಮಾಡ್ಕತೀನಿ" ಎನ್ನಬೇಕು. ಒಬ್ಬ ಅಜ್ಜಿ ಗಂಭೀರವಾಗಿ "ಗಂಡು ಯಾವೂರ್ದು?" ಎಂದು ಕೇಳಿದರು. ರತ್ನಕ್ಕ ಅಷ್ಟೇ ಗಂಭೀರವಾಗಿ "ಅರ್ಕಲ್ಗೂಡು ಕಣಜ್ಜಿ" ಎಂದರು.

ಭಾನುವಾರ ನಾನು ಮೈದಾನಕ್ಕೆ ಹೋದಾಗ ಕಣ್ಣನ್ನೇ ನಂಬಲಾಗಲಿಲ್ಲ. ಹೆಂಗಸರು ರೇಷ್ಮೆ ಸೀರೆಯುಟ್ಟು, ಹೂ ಮುಡಿದು ಬಂದಿದ್ದರು. ಟ್ರ್ಯಾಕ್ಟರುಗಳು ನಿಂತಿದ್ದವು. ಊಟ ಎಷ್ಟು ಹೊತ್ತಿಗೆ ಎಂದು ಇಬ್ಬರು ನನ್ನನ್ನೇ ಕೇಳಿದರು. ರತ್ನಕ್ಕ ಇದನ್ನೂ ಯೋಚಿಸಿ ಹಂಡೆಗಟ್ಟಲೆ ಮಜ್ಜಿಗೆ, ಕೋಸಂಬರಿ ಮಾಡಿಸಿದ್ದರು. ಎಲ್ಲ ಸರಿಯಾಗಿತ್ತು, ಒಂದನ್ನು ಬಿಟ್ಟು. ರತ್ನಕ್ಕನ ತವರು ಅರಕಲಗೂಡು. ಕರೆಯುವಾಗ ತವರಿನವರನ್ನು ಬಿಡಲಾಗುತ್ತದೆಯೇ? ಅಲ್ಲಿಯೂ ಮನೆಮನೆಗೆ ಕುಂಕುಮ ಹೋಗಿತ್ತು. ಎದುರು ತಂಡದವರ ಜನವೇ ಎರಡು ಟೆಂಪೋ ತುಂಬ ಬಂದಿಳಿದರು. ರತ್ನಕ್ಕ ಅವರನ್ನು ಬೀಗರೆಂದು ಮುಂದಿನ ಸಾಲಿನಲ್ಲಿ ಕೂರಿಸಿ, ಮೊದಲ ಮಜ್ಜಿಗೆಯನ್ನು ಅವರಿಗೇ ಕೊಡಿಸಿದರು. ನಮ್ಮವರು ಹಿಂದಿನ ಸಾಲಿಗೆ.

ಅರಕಲಗೂಡಿನವರು ಮೊದಲ ಗೋಲು ಹೊಡೆದರು. ಅವರ ಜನ ಕೂಗಿದ್ದು ಸರಿಯೇ, ನಮ್ಮ ಜನವೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ತಲೆಯ ಮೇಲೆ ಕೈ ಹೊತ್ತು ಓಡಿಹೋದೆ. "ರತ್ನಕ್ಕಾ, ಅದು ನಮ್ಮ ಮೇಲೆ ಬಿದ್ದ ಗೋಲು!"

"ಗೊತ್ತು ಕಣ್ ಸಾ. ಮನೇಗ್ ಬಂದಿರೋ ನೆಂಟ್ರು ಗೋಲ್ ಒಡುದ್ರೆ ನಾವು ಮಕ ಗಂಟಾಕ್ಕೊಂಡ್ ಕೂತಿದ್ರೆ ಅವ್ರು ಊರ್ಗೋಗಿ ಏನಂದಾರು?"

ಆ ದಿನ ನಾವು ಸೋತೆವು. ನಮ್ಮ ಕ್ಯಾಪ್ಟನ್ ಎರಡು ದಿನ ರತ್ನಕ್ಕನ ಜೊತೆ ಮಾತು ಬಿಟ್ಟಿದ್ದ. ಆದರೆ ಮಿಲ್ಲಿನ ಗೌಡರು ಬಂದಿದ್ದರು. ಆಟವನ್ನು ಅಷ್ಟಾಗಿ ನೋಡಲಿಲ್ಲ, ಜನರನ್ನೇ ನೋಡುತ್ತಾ ಕೂತಿದ್ದು, ಹೊರಡುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: "ಈ ವರ್ಸ ನಾನಿದೀನಿ ಬುಡಿ. ಆದ್ರೆ ಒಂದ್ ತಿಳ್ಕಳಿ ಮೇಷ್ಟ್ರೇ. ಇವ್ರ್ಯಾರೂ ಚೆಂಡ್ ನೋಡಕ್ ಬಂದಿಲ್ಲ, ಆಯಮ್ಮನ್ ಮಕ ನೋಡ್ಕಂಡ್ ಬಂದವ್ರೆ. ಆಯಮ್ಮ ಕರ್ಯೋಗಂಟ ನಿಮ್ ಕ್ಲಬ್ಬು." ಆಗ ಅದನ್ನು ಹೊಗಳಿಕೆ ಎಂದುಕೊಂಡೆ.

ಆ ವರ್ಷವೆಲ್ಲ ನಮ್ಮ ಆಟಕ್ಕೆ ಜನ ಬಂದರು. ಯಾವ ಕಡೆ ಕೂಗಬೇಕೆಂಬುದನ್ನು ನಿಧಾನವಾಗಿ ಕಲಿತರು. ರತ್ನಕ್ಕ ಆಟದ ನಿಯಮವನ್ನು ಮಾತ್ರ ಕಲಿಯಲೇ ಇಲ್ಲ. ಅವರ ಚಿಂತೆಯೆಲ್ಲ ನಮ್ಮ ಗೋಲ್‌ಕೀಪರ್ ಮಂಜನದು. ಅಷ್ಟು ಜನ ಗುಂಪಾಗಿ ಓಡಾಡುತ್ತಿರುವಾಗ ಇವನೊಬ್ಬನೇ ಒಂದು ಮೂಲೆಯಲ್ಲಿ ನಿಂತಿರುವುದು ಅವರಿಗೆ ಸಹಿಸಲಾಗದು. ಕುರ್ಚಿ ಎತ್ತಿಕೊಂಡು ಹೋಗಿ ಗೋಲಿನ ಬಲೆಯ ಹಿಂದೆ ಕೂತು ಅವನೊಡನೆ ಮಾತಿಗಿಳಿದರು. ಚನ್ನರಾಯಪಟ್ಟಣದ ತಂಡದ ಮೇಲೆ ಆಡುವಾಗ, "ನಿಮ್ಮವ್ವನ್ ಮಂಡಿನೋವು ಎಂಗದೆಲಾ ಮಂಜ?" ಎಂದು ಕೇಳಿದರಂತೆ. ಮಂಜ ಹಿಂತಿರುಗಿ "ವಾಸಿ ಅಕ್ಕಾ" ಎನ್ನುವಷ್ಟರಲ್ಲಿ ಚೆಂಡು ಒಳಗೆ ಹೋಗಿತ್ತು. ನಾನು ಕೂಗಾಡಿದೆ. ಅವರು ಬಲೆಯ ಹಿಂದಿನಿಂದಲೇ, "ಉಡುಗುನ್ ಬಯ್ಬ್ಯಾಡಿ ಸಾ, ಮಾತಾಡ್ಸಿದ್ ನಾನು. ದೊಡ್ಡೋರ್ ಕೇಳುದ್ರೆ ಮಕ್ಳು ಉತ್ರ ಕೊಡ್ಬೇಕಲ್ವಾ?" ಎಂದರು. ಅವತ್ತಿನಿಂದ ಅವರ ಕುರ್ಚಿಯನ್ನು ಎದುರು ತಂಡದ ಗೋಲಿನ ಹಿಂದೆ ಹಾಕಿಸತೊಡಗಿದೆ. ಆ ಕೀಪರುಗಳ ಮನೆಯ ಯೋಗಕ್ಷೇಮವೂ ಅವರಿಗೆ ಬೇಕಾಗುತ್ತಿತ್ತು. ನಮಗೆ ಅದರಿಂದ ಲಾಭವೇ ಆಯಿತು.

ಅವರಿಗೊಂದು ಆಸೆಯಿತ್ತು. ಆಟ ಮುಗಿದು ಶಿವಣ್ಣ ಟೆಂಪೋಗೆ ಕುರ್ಚಿ ತುಂಬುತ್ತಿರುವಾಗ ಅದನ್ನು ಎಷ್ಟೋ ಸಲ ಹೇಳಿಕೊಂಡಿದ್ದರು. "ಒಂದ್ಸಲ ಆಸನದಲ್ಲಿ ಆಟ ಆಗ್ಬೇಕು ಸಾ. ನಮ್ ಜನ ಎಲ್ಲ ಓಗಿ ತುಂಬ್ಕಬೇಕು. ಆಸನ್ದೋರು ತಿರುಗ್ ನೋಡಿ, ಇವ್ರ್ಯಾವೂರೋರಪ್ಪಾ ಅನ್ಬೇಕು. ಅದೊಂದ್ ನೋಡ್ಬುಟ್ರೆ ಸಾಕು." ನಮ್ಮಂಥ ಸಣ್ಣ ಊರಿನ ಕ್ಲಬ್ಬಿಗೆ ಹಾಸನದವರು ಎಲ್ಲಿ ಆಟ ಕೊಡುತ್ತಾರೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಈ ವರ್ಷ ಕೊಟ್ಟರು. ಲೀಗಿಗೆ ಮುಂಚೆ ಹಾಸನದ ಒಂದು ಹಳೆಯ ಕ್ಲಬ್ಬು ನಮ್ಮನ್ನು ಸ್ನೇಹಪಂದ್ಯಕ್ಕೆ ಕರೆಯಿತು. ಸುದ್ದಿ ಹೇಳಲು ಅಂಗಡಿಗೆ ಓಡಿದರೆ ಬಾಗಿಲು ಹಾಕಿತ್ತು. ರತ್ನಕ್ಕನಿಗೆ ಎದೆನೋವು ಬಂದು ಹಾಸನದ ಆಸ್ಪತ್ರೆಗೆ ಸೇರಿಸಿದ್ದರು. ನಾನು, ವಸಂತ ಅಲ್ಲಿಗೇ ಹೋದೆವು. ಆ ಜೋರು ದನಿ ಅಷ್ಟು ಸಣ್ಣದಾಗಬಹುದೆಂದು ನಾನು ಎಣಿಸಿರಲಿಲ್ಲ. ಸುದ್ದಿ ಕೇಳಿ ಎದ್ದು ಕೂರಲು ನೋಡಿದರು. ಶಿವಣ್ಣ ತಡೆದರು.

"ವಸಂತಮ್ಮ, ಭರಣಿ ಮನೇಲದೆ, ಈಸ್ಕಳಿ," ಎಂದರು. "ದುದ್ದದ ಕಡೆ ಮರೀಬ್ಯಾಡಿ. ಆಸನಕ್ಕೆ ಅತ್ರದೋರು ಅವ್ರೇಯ. ಓದ್ ವರ್ಸ ಕರ್ದಿದ್ದೆ, ದೂರ ಅಂತ ಬರ್ನಿಲ್ಲ. ಅಲ್ಲಿ ಜಯಮ್ಮ ಅಂತವ್ರೆ, ಅವ್ರು ಒಬ್ರು ಒಪ್ಪುದ್ರೆ ಬೀದಿಗೆ ಬೀದೀನೇ ಬತ್ತದೆ. ನಿಂತ್ಕಂಡು ಕರೀಬ್ಯಾಡಿ, ಕೂತ್ಕಂಡು ಕರೀರಿ."

"ನೀವೇ ಬಂದು ಕರೆಯುವಿರಂತೆ ಬಿಡಿ," ಎಂದೆ. ನಕ್ಕರು. ಅದೇ ಕೊನೆ. ಮತ್ತೆ ಮನೆಗೆ ಬರಲಿಲ್ಲ.

ಅವರಿಲ್ಲದ ಮೈದಾನದಲ್ಲಿ ಹುಡುಗರು ಈಗ ಅಭ್ಯಾಸ ಮಾಡುತ್ತಿದ್ದಾರೆ. ಮಂಜ ಆಗಾಗ ಹಿಂತಿರುಗಿ ಬಲೆಯಾಚೆ ನೋಡುತ್ತಾನೆ, ನಾನು ಬೈಯುವುದಿಲ್ಲ. ನನಗೂ ಅವರು ಬೇಕು. ನಮ್ಮ ಮೇಲೆ ಬಿದ್ದ ಗೋಲಿಗೆ ಚಪ್ಪಾಳೆ ತಟ್ಟುವುದಕ್ಕಾದರೂ ಬೇಕು. ಗೌಡರು ಹಾಸನದ ಆಟಕ್ಕೆ ತಾವೇ ಬರುವುದಾಗಿಯೂ, ಜನ ನೋಡಿಕೊಂಡು ತೀರ್ಮಾನ ಮಾಡುವುದಾಗಿಯೂ ಹೇಳಿ ಕಳಿಸಿದ್ದಾರೆ. ಕರೆಯುವವರು ಹೋದ ಮೇಲೆ ನಮ್ಮ ಕರೆಗೆ ಯಾರು ಬರುತ್ತಾರೋ ಎಂಬ ಭಯ ನನ್ನನ್ನು ಬಿಟ್ಟಿಲ್ಲ.

ಮೊನ್ನೆ ವಸಂತಳನ್ನು ಕರೆದುಕೊಂಡು ದುದ್ದದ ಕಡೆ ಹೋದೆ. ಜಯಮ್ಮನವರ ಮನೆ ಹುಡುಕಿದೆವು. ಅವರು ಹಾಲಿನ ಕ್ಯಾನು ತೊಳೆಯುತ್ತಿದ್ದವರು ಕೈ ಒರೆಸಿಕೊಂಡು ಬಂದು ಚಾಪೆ ಹಾಸಿದರು. ಹೊಳೆನರಸೀಪುರದ ಫುಟ್‌ಬಾಲ್ ಕ್ಲಬ್ಬು ಎಂದದ್ದೇ ಮುಖ ಅರಳಿತು. "ರತ್ನಕ್ಕನ ಕಡೇರಾ? ಎಲ್ಲಿ, ಅವ್ರು ಬರ್ನಿಲ್ವಾ?" ಎನ್ನುತ್ತಾ ನಮ್ಮ ಹಿಂದೆ ಬಾಗಿಲಿನ ಕಡೆ ನೋಡಿದರು.

ಅಷ್ಟು ದೂರದ ಊರಿಗೆ ಸಾವಿನ ಸುದ್ದಿ ಮುಟ್ಟಿರಲಿಲ್ಲ. ವಸಂತ ಆಗಲೇ ಭರಣಿಯ ಮುಚ್ಚಳ ತೆಗೆದು ಬೆರಳಿಗೆ ಕುಂಕುಮ ತೆಗೆದುಕೊಂಡಿದ್ದಳು. ಕೈಯಲ್ಲಿ ಕುಂಕುಮ ಹಿಡಿದು ಒಂದು ಮನೆಯ ಒಳಗೆ ಕೂತು ಸಾವಿನ ಸುದ್ದಿ ಹೇಳುವಂತಿಲ್ಲ. ಅವಳು ನನ್ನ ಮುಖ ನೋಡಿದಳು. "ಈ ಸಲ ಅವರಿಗೆ ಬರೋದಕ್ಕಾಗಲಿಲ್ಲ," ಎಂದೆ. ಜಯಮ್ಮನವರು ಹಣೆ ಮುಂದೆ ಮಾಡಿ ಕುಂಕುಮ ಇಡಿಸಿಕೊಂಡರು.

"ಓದ್ ಸಲ ಅಷ್ಟ್ ಬಾಯ್ತುಂಬ ಕರುದ್ರು, ನಾವ್ ಓಗ್ನಿಲ್ಲ. ಅದು ಮನ್ಸಲ್ಲೇ ಕೊರೀತಿತ್ತು ಕಣ್ ಸಾ. ಈ ಸಲ ನಾನು ಬೀದಿಯೋರ್ನೆಲ್ಲ ಕರ್ಕಂಡ್ ಬತ್ತೀನಿ. ರತ್ನಕ್ಕಂಗೆ ಏಳ್ಬುಡಿ, ಜಯಮ್ಮ ಬಂದೇ ಬತ್ತಾಳೆ, ಅಲ್ಲೇ ಸಿಕ್ತಾಳೆ ಅಂತ."

"ಹೇಳ್ತೀನಮ್ಮ," ಎಂದೆ.