ಗುಣಾಕಾರ ಕಾಣೆಯಾದ ದಿನ

ನಮ್ಮ ಪ್ರೆಸ್ಸಿನಲ್ಲಿ ಅವರನ್ನು ಎಲ್ಲರೂ ಚಿಹ್ನೆಯಕ್ಕ ಎಂದೇ ಕರೆಯುತ್ತೇವೆ. ಶಾಲೆಗಳ ಪ್ರಶ್ನೆಪತ್ರಿಕೆ ಟೈಪ್ ಮಾಡುವುದು ಅವರ ಕೆಲಸ. ಕೀಬೋರ್ಡಿನ ಮೇಲೆ ಎಲ್ಲೂ ಕಾಣದ ಚಿಹ್ನೆಗಳು ಅವರ ಬೆರಳ ತುದಿಯಲ್ಲಿವೆ. ಎಡಗೈಯಲ್ಲಿ ಆಲ್ಟ್ ಒತ್ತಿ ಹಿಡಿದು, ಬಲಗೈಯಲ್ಲಿ 0215 ಎಂದು ಕುಟ್ಟಿದರೆ ಗುಣಾಕಾರ. 0247 ಎಂದರೆ ಭಾಗಾಕಾರ. ಮೊದಲಿನ ಸೊನ್ನೆ ಬಿಟ್ಟರೆ ಇನ್ನೇನೋ ಬಂದು ಕೂರುತ್ತದೆ. ಅವರು ಬಿಟ್ಟದ್ದನ್ನು ನಾನು ಕಂಡಿಲ್ಲ.

ನಾನು ಕಾಗದ ಕತ್ತರಿಸುವವನು. ನನ್ನ ಕಟಿಂಗ್ ಮೆಷಿನ್ ಅವರ ಮೇಜಿಗೆ ಎದುರಾಗಿ, ಕಿಟಕಿಯ ಪಕ್ಕ ಇದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕಾಗದದ ರೀಮು ಸ್ವಲ್ಪ ಸೊಟ್ಟಗೆ ಬಂದರೂ ಗೋಡೆಗೆ ಬೈಯುವ ಜಾತಿ ನನ್ನದು. ಅಕ್ಕ ಹಾಗಲ್ಲ. ಏನೇ ಕೆಟ್ಟರೂ ಮೊದಲು ಒಂದು ಲೋಟ ನೀರು ಕುಡಿಯುತ್ತಾರೆ, ಆಮೇಲೆ ಒಂದೊಂದನ್ನೇ ಬಿಚ್ಚಿ ನೋಡುತ್ತಾರೆ. ಪ್ರಿಂಟರ್ ಕಾಗದ ನುಂಗಿದರೂ ಅಷ್ಟೇ, ಮನೆಯಲ್ಲಿ ಕುಕ್ಕರ್ ಕೂಗದಿದ್ದರೂ ಅಷ್ಟೇ. ಇಂಥ ತಾಳ್ಮೆ ದೇವರು ನನಗೆ ಕೊಡಲಿಲ್ಲವಲ್ಲ ಎಂದು ಎಷ್ಟೋ ಸಲ ಹೊಟ್ಟೆ ಉರಿಸಿಕೊಂಡಿದ್ದೇನೆ.

ಅವರ ಗಂಡ ಮೊಣಕಾಲು ನೋವಿನಿಂದ ಡ್ರೈವರ್ ಕೆಲಸ ಬಿಟ್ಟು ಮನೆಯಲ್ಲಿದ್ದಾರೆ. ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಅಕ್ಕನ ಕುರ್ಚಿ ಅಲುಗಾಡಿದರೆ ಆ ಮನೆಯ ಒಲೆಯೇ ಅಲುಗಾಡಿದಂತೆ. ಪ್ರೆಸ್ಸಿನಲ್ಲಿ ಅವರಿಗಿದ್ದ ಬೆಲೆ ಬರೀ ಟೈಪಿಂಗಿನದಲ್ಲ. ಅಚ್ಚಿನ ಮೆಷಿನ್ನಿಗೆ ಹೋಗುವ ಮುಂಚೆ ಪ್ರತಿ ಹಾಳೆಯನ್ನೂ ಕೊನೆಯದಾಗಿ ಓದಿ ಒಪ್ಪುತ್ತಿದ್ದವರು ಅವರೇ. ಯಜಮಾನರು ಹೊಸ ಗಿರಾಕಿಗಳ ಮುಂದೆ, ಅಕ್ಕನ ಕಣ್ಣು ತಪ್ಪಿಸಿ ಒಂದು ಚುಕ್ಕೆಯೂ ಹೋಗುವುದಿಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದರು.

ಅಕ್ಕನಿಗೆ ಬೆಳಗಿನ ಪಾಳಿ. ಮಧ್ಯಾಹ್ನದ ಮೇಲೆ ಅದೇ ಕಂಪ್ಯೂಟರಿನಲ್ಲಿ ಹೊಸಬಳು ಕೂರುತ್ತಾಳೆ. ಅಂದರೆ ಆಗಷ್ಟೇ ಸೇರಿದವಳು, ಇನ್ನೂ ಎಲ್ಲರೂ ಹಾಗೇ ಕರೆಯುತ್ತಿದ್ದೆವು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಒಂದು ಸಂಜೆ ಅವಳು ಗಣಿತದ ಪತ್ರಿಕೆ ಟೈಪ್ ಮಾಡುತ್ತಿದ್ದಾಗ ಗುಣಾಕಾರ ಬರುವುದು ನಿಂತುಹೋಯಿತು. ಆಮೇಲೆ ಅಕ್ಕನನ್ನು ಕೇಳಿ ತುಂಬಿದರಾಯಿತು ಎಂದು ಜಾಗ ಖಾಲಿ ಬಿಟ್ಟು ಮುಂದೆ ಹೋದಳು. ಆದರೆ ಅದು ಅವಸರದ ಕೆಲಸ. ಬೆಳಗ್ಗೆ ಅಕ್ಕ ಬರುವವರೆಗೂ ಕಾಯದೆ, ಯಾರೂ ಇನ್ನೊಮ್ಮೆ ನೋಡದೆ ಹಾಗೇ ಅಚ್ಚಾಗಿ ಶಾಲೆಗೆ ಹೋಯಿತು. ಹನ್ನೆರಡು, ಒಂದು ಖಾಲಿ ಜಾಗ, ಎಂಟು. ಮಕ್ಕಳು ಕೂಡಬೇಕೋ ಕಳೆಯಬೇಕೋ? ಶಾಲೆಯವರು ಇಡೀ ಕಟ್ಟನ್ನು ವಾಪಸ್ ಕಳಿಸಿದರು.

ಮರುದಿನ ಯಜಮಾನರು ಇಬ್ಬರನ್ನೂ ಕರೆಸಿದರು. ಕೀಬೋರ್ಡೇ ಸರಿಯಿಲ್ಲ ಎಂದಳು ಹೊಸಬಳು. ಅಕ್ಕ ತಮ್ಮ ರೀತಿಯಲ್ಲಿ ಅಂಕಿ ಕುಟ್ಟಿದರು. ಗುಣಾಕಾರ ತಟ್ಟನೆ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಎಲ್ಲರಿಗೂ ಕೇಳುವ ಹಾಗೆಯೇ ಗೊಣಗಿದೆ. ಸಂಜೆ ಲೆಕ್ಕ ಮುಗಿಸಿಕೊಂಡು ಹೋಗು, ನಾಳೆಯಿಂದ ಬರಬೇಡ ಎಂದು ಯಜಮಾನರು ಅವಳಿಗೆ ಹೇಳಿ ಒಳಗೆ ಹೋದರು. ಹುಡುಗಿ ಚೀಲದ ಪಟ್ಟಿ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತುಬಿಟ್ಟಳು.

ಬೇರೆಯವರಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಕ್ಕ ನೀರು ಕುಡಿದರು. "ನನ್ನ ಕೈಗೆ ಬಂದ್ರೆ ಸಾಕೇನೋ? ಅವಳ ಕೈಗೂ ಬರ್ಬೇಕಲ್ಲ" ಎಂದು ನನ್ನ ಕಡೆಗೇ ತಿರುಗಿ ಹೇಳಿ, ಅವಳನ್ನು ಕರೆದು ಕೂರಿಸಿಕೊಂಡರು. ಪಕ್ಕದ ಕಂಪ್ಯೂಟರಿನ ಕೀಬೋರ್ಡ್ ತಂದು ಹಾಕಿ ನೋಡಿದರು. ಅವಳ ಕೈಗೆ ಬರಲಿಲ್ಲ. ಹೊಸ ಫೈಲ್ ತೆರೆದು ನೋಡಿದರು, ಇಲ್ಲ. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದರು, ಊಹೂಂ. ಕೊನೆಗೆ, ನೀನು ಒತ್ತುವುದು ಯಾವ ಕೀ, ನಿಧಾನಕ್ಕೆ ತೋರಿಸು ಎಂದರು. ಅಷ್ಟು ಹೊತ್ತೂ ಅದನ್ನು ಯಾರೂ ಕೇಳಿರಲಿಲ್ಲ. ನಮ್ಮಲ್ಲಿ ಚಿಹ್ನೆ ಎಂದರೆ ಅಕ್ಕನ ಅಂಕಿಗಳೇ ಎಂದು ಎಲ್ಲರೂ ನಂಬಿ ಕೂತಿದ್ದೆವು. ಹುಡುಗಿಗೋ ಆ ಅಂಕಿಗಳು ನೆನಪಿರುತ್ತಿರಲಿಲ್ಲವಂತೆ, ಅದಕ್ಕೆ ತಾನೇ ಒಂದು ಶಾರ್ಟ್‌ಕಟ್ ಮಾಡಿಕೊಂಡಿದ್ದಳು. ಕಂಟ್ರೋಲ್ ಒತ್ತಿದಳು, ಆಲ್ಟ್ ಒತ್ತಿದಳು, ಆಮೇಲೆ ಎಂ.

ಅಕ್ಕನ ಮುಖ ಬಿಳಿಚಿಕೊಂಡಿತು. ಎದ್ದು ಹಿತ್ತಲಿನ ನಲ್ಲಿಯ ಹತ್ತಿರ ಹೋದರು. ನಾನೂ ಹಿಂದೆಯೇ ಹೋದೆ.

ಅಲ್ಲಿ ಹೇಳಿದರು. ವರ್ಷದಿಂದ ಅವರ ಕಣ್ಣು ಮಂಜಾಗುತ್ತಾ ಬಂದಿತ್ತು. ಡಾಕ್ಟರ ಕನ್ನಡಕದಿಂದಲೂ ಪೂರ್ತಿ ಸರಿಹೋಗುವ ಕಾಯಿಲೆಯಲ್ಲ. ಗಂಡನಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಆ ವಾರವಷ್ಟೇ ಅವರು ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಹಿಗ್ಗಿಸಿ ತೋರಿಸುವ ಮ್ಯಾಗ್ನಿಫೈಯರನ್ನು ಹುಡುಕಿಕೊಂಡಿದ್ದರು. ಯಾರಾದರೂ ಬಂದರೆ ಗೊತ್ತಾಗಬಾರದೆಂದು, ಅದು ತೆರೆದರೂ ಕೆಳಗಿನ ಪಟ್ಟಿಯಲ್ಲಿ ಪುಟ್ಟದಾಗಿ ಅಡಗಿ ಕೂರುವ ಹಾಗೆ ಮಾಡಿ, ಕರೆಯಲು ಒಂದು ಶಾರ್ಟ್‌ಕಟ್ ಕೊಟ್ಟಿದ್ದರು. ಕಂಟ್ರೋಲ್, ಆಲ್ಟ್, ಎಂ. ಹುಡುಗಿ ಗುಣಾಕಾರ ಕರೆದಾಗಲೆಲ್ಲ ಆ ಮ್ಯಾಗ್ನಿಫೈಯರ್ ಓಗೊಟ್ಟು ಕೆಳಗೆ ಅಡಗಿಕೊಳ್ಳುತ್ತಿತ್ತು.

ನಾನು ಹೇಳಿಬಿಟ್ಟೆ. "ಸುಮ್ನಿರಿ ಅಕ್ಕ. ಆ ಶಾರ್ಟ್‌ಕಟ್ ತೆಗೆದುಹಾಕಿ, ಯಾರಿಗೂ ಗೊತ್ತಾಗಲ್ಲ. ಅವಳು ಚಿಕ್ಕವಳು, ಇನ್ನೊಂದು ಕಡೆ ಕೆಲಸ ಸಿಗುತ್ತೆ. ನಿಮಗೆ ಈ ಕಣ್ಣಲ್ಲಿ ಯಾರು ಕೊಡ್ತಾರೆ?"

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದೇನೋ? ಕಣ್ಣು ಹೋಗಿದೆ ತಮ್ಮಾ, ಬುದ್ಧಿ ಹೋಗಿಲ್ಲ."

ನೇರವಾಗಿ ಯಜಮಾನರ ಕೋಣೆಗೆ ನಡೆದರು, ಬಾಗಿಲನ್ನೂ ಮುಚ್ಚಲಿಲ್ಲ. ತಪ್ಪು ಹುಡುಗಿಯದಲ್ಲ, ಆ ಕೀ ಕಿತ್ತುಕೊಂಡವಳು ನಾನು ಎಂದರು. ಯಾಕೆ ಎಂದು ಯಜಮಾನರು ಕೇಳಿದಾಗ ಅದನ್ನೂ ಹೇಳಿದರು. ನಾನು ಕಾಗದ ಎಣಿಸುವ ನೆಪದಲ್ಲಿ ತಲೆ ತಗ್ಗಿಸಿ ನಿಂತಿದ್ದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಯಜಮಾನರು, ಹುಡುಗಿ ಕೆಲಸದಲ್ಲೇ ಇರಲಿ, ಆದರೆ ಕೊನೆಯ ಓದು ಇನ್ನು ಮೇಲೆ ಅಕ್ಕನದಲ್ಲ, ಅವಳದು ಎಂದರು. ಅಕ್ಕನಿಗೆ ಅದು ಚುಚ್ಚಿತು, ನನಗೆ ಗೊತ್ತು. ತಲೆಯಾಡಿಸಿ, ಕುರ್ಚಿ ಅಂತೂ ಉಳಿಯಿತಲ್ಲ ಎಂದು ಹೊರಗೆ ಬಂದರು.

ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಕಂಪ್ಯೂಟರಿನ ಮುಂದೆ ಕೂತು ಏನೋ ಬದಲಾಯಿಸುತ್ತಿದ್ದಳು. ಮ್ಯಾಗ್ನಿಫೈಯರ್ ತೆಗೆಯುತ್ತಿದ್ದಾಳೆ ಎಂದುಕೊಂಡು, ಹೌದು ತೆಗೆದುಬಿಡು ಎಂದರು ಅಕ್ಕ.

"ಗುಣಾಕಾರಕ್ಕೆ ಬೇರೆ ಕೀ ಕೊಟ್ಟೆ ಅಕ್ಕ" ಎಂದಳು ಅವಳು. "ಎಂ ನಿಮ್ಮದೇ ಇರ್ಲಿ. ಇದು ಕೆಳಗೆ ಅಡಗಿ ಕೂರೋದೂ ಬೇಡ."

ಆ ಮ್ಯಾಗ್ನಿಫೈಯರ್ ಈಗ ಪರದೆಯ ತುಂಬ ತೆರೆದುಕೊಂಡೇ ಇರುತ್ತದೆ. ಅಕ್ಕ ಪರದೆಯನ್ನೂ ನನ್ನ ಕಿಟಕಿಯ ಕಡೆಗೆ ಓರೆಯಾಗಿ ತಿರುಗಿಸಿಟ್ಟಿದ್ದಾರೆ, ಒಂದೊಂದು ಅಕ್ಷರವೂ ಬದನೆಕಾಯಿ ಗಾತ್ರ. ಅಕ್ಕ ಅಂಕಿ ಕುಟ್ಟುವುದನ್ನು ಬಿಟ್ಟಿಲ್ಲ, ನೀರು ಕುಡಿಯುವುದನ್ನೂ ಬಿಟ್ಟಿಲ್ಲ. ನಿನ್ನೆ ನಾನು ಕಟಿಂಗ್ ಮೆಷಿನ್ ಹತ್ತಿರ ನಿಂತೇ, ಎರಡನೇ ಲೆಕ್ಕದಲ್ಲಿ ಗುಣಾಕಾರ ಎರಡು ಸಲ ಬಿದ್ದಿದೆ ನೋಡಿ ಅಕ್ಕ ಎಂದೆ. ಅವರು ಒಂದನ್ನು ಅಳಿಸಿ, ಪ್ರೆಸ್ಸಿಗೆ ಈಗ ಮೂರು ಜೊತೆ ಕಣ್ಣಾಯಿತು ಎಂದು ನಕ್ಕರು.