ಸದ್ದಿಲ್ಲದ ಪಂಚಮ

ಶಿವಮಲ್ಲಪ್ಪ ಕೇರಳದ ಗಡಿಯಲ್ಲಿ, ಕಬಿನಿ ದಂಡೆಯ ಪೆರಿಕಲ್ಲೂರಿನ ದಿನಸಿ ವ್ಯಾಪಾರಿ. ತಕ್ಕಡಿ ಮುಂದೆ ಕೂತರೆ ಸದಾ ಸಿಡಿಮಿಡಿ. ಭಜನೆಯಲ್ಲಿ ಆರ್ಗನ್ ಮುಂದೆ ಕೂತರೆ ಬೇರೆಯೇ ಮನುಷ್ಯ. ಆ ಎಲೆಕ್ಟ್ರಿಕ್ ಆರ್ಗನ್ ಯಾವುದೋ ಎಸ್ಟೇಟ್ ಬಂಗಲೆಯವರು ಬೇಡವೆಂದು ಮಾರಿದ್ದು. ಬೀರುವಿನಷ್ಟು ಭಾರ, ಒಳಗೆ ಗರಗರ ತಿರುಗುವ ಸ್ಪೀಕರ್, ಅದರಿಂದ ಅಲೆಯಾಡುವ ಸ್ವರ. ಒಂದು ಕೀ ಮಾತ್ರ ಸತ್ತಿತ್ತು, ನಮ್ಮ ಶ್ರುತಿಯ ಲೆಕ್ಕಕ್ಕೆ ಅದೇ ಪಂಚಮ, ‘ಪ’ ಸ್ವರ. ರಿಪೇರಿ ಮಾಡುವವರು ಈ ಸುತ್ತಿನಲ್ಲಿ ಯಾರೂ ಸಿಗಲಿಲ್ಲ. ಆ ಜಾಗ ಬಂದಾಗಲೆಲ್ಲ ಅವನು ಬೆರಳೆತ್ತಿ ಪಕ್ಕಕ್ಕೆ ತಿರುಗುವನು. ಪಕ್ಕದಲ್ಲಿ ಕೂತು ಹಾಡುವ ಹೆಂಡತಿ ಲತಾಮಣಿ ಆ ಸ್ವರವನ್ನು ತನ್ನ ಗಂಟಲಿನಿಂದಲೇ ತುಂಬುವಳು. ಗೊತ್ತಿಲ್ಲದವರು ಇದೇನೋ ದೊಡ್ಡ ವಿದ್ಯೆ ಅಂದುಕೊಂಡು ತಲೆದೂಗುತ್ತಿದ್ದರು. ತಬಲ ಬಾರಿಸುತ್ತಿದ್ದ ನನಗೆ ನಗು ತಡೆಯುವುದೇ ಕೆಲಸ.

ಹೋದ ವರ್ಷ ಲತಾಮಣಿ ಕಾಯಿಲೆಯಲ್ಲಿ ತೀರಿಕೊಂಡಳು. ಅದೇ ಮಳೆಗಾಲದಲ್ಲಿ ಕಬಿನಿಯ ನೀರು ಮನೆಗೆ ನುಗ್ಗಿ ಆರ್ಗನ್ನನ್ನೂ ಮುಗಿಸಿತು. ಇವನು ನುಡಿಸುವುದನ್ನೇ ಬಿಟ್ಟ. ಅವಳ ವರ್ಷದ ಪೂಜೆ ಹತ್ತಿರ ಬಂದಾಗ ನನ್ನ ಬಳಿ ಬಂದ.

"ಆ ಸದ್ದಿನ ಜೊತೇಲೇ ಅವ್ಳು ಹಾಡ್ತಿದ್ದದ್ದು ಸಿದ್ದೇಶ. ಆವತ್ತೊಂದಿನ ಅದು ಮನೇಲಿ ಕೇಳ್ಬೇಕು ಕನ."

ಪೇಟೆಗೆ, ಮಾನಂತವಾಡಿಗೆ ಹೋದೆವು. ವಾದ್ಯದಂಗಡಿಯ ಪ್ರಜಿತ್ ಹಳೇ ಆರ್ಗನ್ನಿನ ಸದ್ದು ಕೊಡುವ ಡಿಜಿಟಲ್ ಕೀಬೋರ್ಡುಗಳನ್ನು ಮುಂದಿಟ್ಟ. ಮೊದಲನೆಯದು ಆಟದ ಸಾಮಾನಿನಂತಿದೆ ಎಂದ ಶಿವಮಲ್ಲಪ್ಪ. ಎರಡನೆಯದರಲ್ಲಿ ಅಲೆಯೇ ಇಲ್ಲ ಎಂದ. ಇನ್ನೊಂದರ ಮೇಲಿದ್ದ, ಸದ್ದು ಬದಲಿಸುವ ಕಡ್ಡಿಗಳನ್ನು ಒಂದೊಂದಾಗಿ ಎಳೆದು ಹೊಂದಿಸಿ, ನುಡಿಸಿ, ಕಣ್ಣು ಮುಚ್ಚಿದ. ಗರಗರ ಸಮೇತ ಅದೇ ಸದ್ದು. ಅಷ್ಟರಲ್ಲಿ ಪ್ರಜಿತ್ ತಾನೂ ನುಡಿಸಿ ತೋರಿಸಲು ಕೈ ಚಾಚಿ ಆ ಪಂಚಮವನ್ನೇ ಒತ್ತಿದ. ಅಂಗಡಿ ತುಂಬ ಮೊಳಗಿತು. ಶಿವಮಲ್ಲಪ್ಪ ಬಿಸಿ ತಾಗಿದವನಂತೆ ಕೈ ಹಿಂದಕ್ಕೆಳೆದುಕೊಂಡ.

"ಈ ಒಂದು ಕೀ ಸದ್ದು ಬರ್ದಂಗೆ ಮಾಡ್ಬೋದಾ?"

"ಎಂದಾ ಚೇಟ್ಟಾ, ಚೆನ್ನಾಗಿರೋ ಕೀನ ಯಾರಾದ್ರೂ ಕೆಡಿಸ್ತಾರಾ?" ಮಲಯಾಳದಲ್ಲಿ ಏನಣ್ಣಾ ಎಂದು ಕರೆದು ಪ್ರಜಿತ್ ನಕ್ಕ. ಅವನ ಕೆನ್ನೆಗೆ ಬಾರಿಸೋಣ ಅನ್ನಿಸಿತು. ಆದರೆ ಪಾಪ, ಅವನಿಗೇನು ಗೊತ್ತು.

"ಬ್ಯಾಡ ಬುಡು. ಇದ್ನೇ ಕೊಡು. ನಾನೇ ಒತ್ತಾಕಿಲ್ಲ."

ಪೂಜೆಯ ಸಂಜೆ ಮನೆ ತುಂಬ ಜನ. ಶಿವಮಲ್ಲಪ್ಪ ಅವಳ ಇಷ್ಟದ ಭಜನೆಯನ್ನೇ ಎತ್ತಿಕೊಂಡ. ಆ ಸದ್ದು ಕೇಳಿದ್ದೇ ಲತಾಮಣಿಯ ತಂಗಿ ಭಾಗ್ಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಅವನ ಬೆರಳುಗಳು ಒಂದೊಂದೇ ಸ್ವರ ಏರುತ್ತ ಪಂಚಮದ ಹತ್ತಿರ ಬಂದವು. ಎಂದಿನಂತೆ ಬೆರಳೆತ್ತಿ ಪಕ್ಕಕ್ಕೆ ತಿರುಗಿದ.

ಜಾಗ ಸಾಲದೆಂದು ಯಾರೋ ನನ್ನನ್ನು ಲತಾಮಣಿ ಕೂರುತ್ತಿದ್ದ ಅಲ್ಲಿಗೇ ಸರಿಸಿ ಕೂರಿಸಿದ್ದರು. ಅವನು ನನ್ನ ಮುಖವನ್ನೇ ನೋಡುತ್ತ ಕಾದ. ನನಗೆ ಹಾಡಲು ಬರುವುದಿಲ್ಲ. ತಬಲದ ಮೇಲೆ ಕೈ ಇಟ್ಟುಕೊಂಡು ತಲೆ ತಗ್ಗಿಸಿದೆ.