ವಿಶ್ವಾಸ ಇಲ್ಲ ಎಂದ ಮಾವ

ನನ್ನ ಸೋದರಮಾವ ಕವಿ. ಕಿವಿ ಮಂದವಾದ್ದರಿಂದ ಫೋನಿನ ಸಹವಾಸವೇ ಬೇಡವೆಂದು ಬಂದ್ಯೋಡಿನಿಂದ ಪುತ್ತಿಗೆಯ ನಮ್ಮ ಮನೆಗೆ ಈಗಲೂ ಕಾಗದ ಬರೆಯುತ್ತಾರೆ. ಬರೆಯುವುದು ಅಮ್ಮನಿಗೆ, ಅಂದರೆ ತಮ್ಮ ಅಕ್ಕನಿಗೆ. ಅಮ್ಮ ಅದನ್ನು ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಓದುತ್ತಾರೆ, ನಾನು ಕೆಲಸ ಬಿಟ್ಟು ಕೇಳುತ್ತೇನೆ. ಪುಸ್ತಕದಲ್ಲಿ ಅಷ್ಟು ಬಿಗುಮಾನದ ಮನುಷ್ಯ ಅಕ್ಕನ ಹತ್ತಿರ ಏನು ಮಾತಾಡುತ್ತಾರೆಂಬ ಕುತೂಹಲ ನನಗೆ ಯಾವತ್ತೂ ತಣಿದದ್ದಿಲ್ಲ.

"ಈ ವರ್ಷ ಒಂದೇ ಒಂದು ಪದ್ಯದಲ್ಲೂ ಕಡಲು ಎಂಬ ಶಬ್ದ ಬರಬಾರದೆಂದು ಮಾಡಿದ್ದೇನೆ, ನೋಡುವ" ಎಂದು ಒಮ್ಮೆ ಬರೆದಿದ್ದರು. ಇನ್ನೊಮ್ಮೆ ಎಲ್ಲ ಪಕ್ಷಗಳಿಗೂ ಮನಸಾರೆ ಬೈದು, ಕೊನೆಗೆ "ನೀನು ಯಾರಿಗೆ ವೋಟು ಹಾಕುತ್ತಿ?" ಎಂದು ಕೇಳಿದ್ದರು. ಅಮ್ಮ ಅದೊಂದು ಬಿಟ್ಟು ಊರ ಸುದ್ದಿಯೆಲ್ಲ ಬರೆದರು.

ಮನೆಯ ದುರ್ಗಾಪೂಜೆಗೆ ಬಾ ಎಂದು ಕರೆದಾಗ ಮಾತ್ರ ಬಂದ ಉತ್ತರ ಇಷ್ಟೇ: "ನನಗೆ ವಿಶ್ವಾಸ ಇಲ್ಲ ಅಕ್ಕ. ಇದ್ದವನ ಹಾಗೆ ನಟಿಸಿಕೊಂಡು ಬಂದು ಕೂರಲಾರೆ."

ಅಮ್ಮ ಅದನ್ನು ಗಟ್ಟಿಯಾಗಿ ಓದಲಿಲ್ಲ. ನನ್ನ ಕೈಗೆ ಕೊಟ್ಟು ಹಿತ್ತಿಲಿಗೆ ಹೋದರು. ಪ್ರೀತಿ ವಿಶ್ವಾಸ ಎಂದು ಒಂದೇ ಉಸಿರಿನಲ್ಲಿ ಹೇಳುವವರು ನಾವು. ಒಡಹುಟ್ಟಿದವನೇ ಅದು ಇಲ್ಲವೆಂದರೆ ಏನು ಮಾಡುವುದು? ಅಂದಿನಿಂದ ಅಮ್ಮ ತಮ್ಮನಿಗೆ ಕಾಗದ ಬರೆಯುವುದನ್ನೇ ನಿಲ್ಲಿಸಿದರು. ಆಮೇಲೆ ಬಂದ ಕಾಗದಗಳನ್ನು ಒಡೆಯಲೂ ಇಲ್ಲ. ನನಗೆ ಮಾವನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಆದರೂ ಅಷ್ಟು ವರ್ಷ ಹರಟಿದ ಮನುಷ್ಯ ಇದ್ದಕ್ಕಿದ್ದಂತೆ ಹೀಗೇಕೆ ಬರೆದರೆಂದು ತಲೆ ಕೊರೆಯುತ್ತಿತ್ತು.

ಪಂಚಾಯತು ಚುನಾವಣೆಯ ಸಮಯ. ಬಂದ್ಯೋಡು ಪೇಟೆಯಲ್ಲಿ ಬಸ್ಸು ಕಾಯುತ್ತಿದ್ದೆ. ನಮ್ಮದು ಮಲಯಾಳದವರ ರಾಜ್ಯಕ್ಕೆ ಸೇರಿದ ಕನ್ನಡದ ಗಡಿನಾಡು. ಪ್ರಚಾರದ ಜೀಪೊಂದು ಬಂತು. ಮಲಯಾಳದಲ್ಲಿ ಬರೆದದ್ದನ್ನು ಹೇಗೋ ಕನ್ನಡ ಮಾಡಿ ಮೈಕಿನಲ್ಲಿ ಕೂಗುತ್ತಿದ್ದರು: "ನಾವು ಯಾವತ್ತೂ ವಿಶ್ವಾಸಿಗಳ ಜೊತೆ!" ಇದೆಂಥ ಕನ್ನಡವೆಂದು ನಗು ಬಂತು, ಮರುಕ್ಷಣ ನಗು ನಿಂತಿತು. ಮಲಯಾಳದಲ್ಲಿ ವಿಶ್ವಾಸವೆಂದರೆ ದೇವರ ಮೇಲಿನ ನಂಬಿಕೆ, ಅದು ಇದ್ದವರು ವಿಶ್ವಾಸಿಗಳು. ಮಾವ ನಿವೃತ್ತಿಯವರೆಗೂ ಪಾಠ ಮಾಡಿದ್ದು ತೆಂಕು ದಿಕ್ಕಿನ ಮಲಯಾಳ ಶಾಲೆಗಳಲ್ಲಿ!

ಬಂದ ಬಸ್ಸನ್ನು ಬಿಟ್ಟು ಮಾವನ ಮನೆಗೆ ನಡೆದೆ.

"ವಿಶ್ವಾಸ ಇಲ್ಲ ಅಂತ ಬರ್ದದ್ದು ಯಾರ ಮೇಲೆ ಮಾವ?" ಎಂದು ಅವರ ಕಿವಿಯ ಹತ್ತಿರ ಕೂಗಿದೆ.

"ದೇವರ ಮೇಲೆ. ಮತ್ತೆ ಯಾರ ಮೇಲೆ? ಅದ್ರಲ್ಲಿ ಕೇಳ್ಲಿಕ್ಕೆ ಎಂತ ಉಂಟು?"

ಅಮ್ಮ ಹೇಗೆ ತಿಳಿದುಕೊಂಡರೆಂದು ಹೇಳಿದೆ. ಮಾವ ಕುರ್ಚಿಯಲ್ಲಿ ಹಾಗೇ ಕೂತುಬಿಟ್ಟರು. "ಅಕ್ಕ ಹಾಗೆ ಗ್ರಹಿಸಿದ್ಲಾ?" ಎಂದು ಮತ್ತೆ ಮತ್ತೆ ಕೇಳಿದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಏಕಾದಶಿಗೆ ಒಂದು ಹನಿ ನೀರೂ ಕುಡಿಯದ ಹೆಂಗಸು ನನ್ನ ಅಮ್ಮ. ತಮ್ಮ ನಾಸ್ತಿಕನಾದನೆಂದು ಕೇಳಿ ಏನಾಗುತ್ತಾರೋ ಎಂಬ ಹೆದರಿಕೆ ನನಗೆ.

ಮೊದಲು ರೇಗಿದರು. "ಕವಿಯಂತೆ ಕವಿ! ನಂಬಿಕೆ ಅಂತ ಬರಿಲಿಕ್ಕೆ ಅವನಿಗೆ ಎಂತ ಧಾಡಿ?" ಆಮೇಲೆ ಕೇಳಿದರು: "ದೇವರ ಮೇಲೆ ಮಾತ್ರವಾ?"

"ಹೌದಮ್ಮ, ದೇವರ ಮೇಲೆ ಮಾತ್ರ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇಲ್ಲದಿದ್ರೆ ಬೇಡ. ದೇವರಿಗೆ ಜನ ಬೇಕಾದಷ್ಟು ಉಂಟು. ನನಗೆ ತಮ್ಮ ಅಂತ ಇರುವುದು ಇವನೊಬ್ಬನೇ ಅಲ್ವಾ?"